ಮಾವನವರ ವಿರೋಧ ಪಕ್ಷ

ನನ್ನ ಮಾವನವರು ವಿಧಾನಸಭೆಗೆ ಹೋದದ್ದು ಏನನ್ನಾದರೂ ಮಾಡಿಸಬೇಕೆಂದಲ್ಲ, ಯಾರೂ ಏನೂ ಮಾಡದ ಹಾಗೆ ನೋಡಿಕೊಳ್ಳಬೇಕೆಂದು. ಇದು ನಾನು ಕಟ್ಟಿದ ಮಾತಲ್ಲ. ವೋಟು ಕೇಳಲು ಹೋದ ಮನೆಮನೆಯಲ್ಲೂ ಅವರೇ ಹೇಳಿಕೊಂಡು ಬಂದದ್ದು.

ಕೊಡಗು ಇನ್ನೂ ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲ ಅದು. ಮಡಿಕೇರಿಯ ಕೋಟೆಯಲ್ಲಿ ಇಪ್ಪತ್ತನಾಲ್ಕು ಜನರ ಸಭೆ. ಶನಿವಾರಸಂತೆಯಿಂದ ಗಾಡಿ ದಾರಿಯಲ್ಲಿ ಒಳಗೆ ಹೋದರೆ ನಮ್ಮ ಊರು. ಮಾವನವರಿಗೆ ಗದ್ದೆ, ಒಂದಿಷ್ಟು ಏಲಕ್ಕಿ, ಕಾಫಿ ತೋಟ ಇದ್ದವು. ಹಣೆಗೆ ಮೂರು ಬೆರಳು ವಿಭೂತಿ, ಮುಚ್ಚು ಕಾಲರಿನ ಕೋಟು, ತಲೆಗೆ ರುಮಾಲು, ಬಿಸಿಲಿರಲಿ ಮಳೆಯಿರಲಿ ಕಂಕುಳಲ್ಲಿ ಕೊಡೆ. ಎದುರಾಳಿಯಾಗಿ ನಿಂತವರು ರಸ್ತೆ ತರುತ್ತೇನೆ, ಆಸ್ಪತ್ರೆ ತರುತ್ತೇನೆ, ಹೈಸ್ಕೂಲು ತರುತ್ತೇನೆ ಎಂದರು. ಮಾವನವರು ಜಗಲಿಯ ಮೇಲೆ ಕೂತು, "ನೋಡ್ರಪ್ಪ, ನಾನೇನೂ ತರಲ್ಲ. ಇರೋದನ್ನ ಕೆಡಿಸೋಕೆ ಬಿಡಲ್ಲ, ಅಷ್ಟೆ" ಎಂದರು. ವೋಟು ಕೇಳಲು ಬಂದವನು ಇಷ್ಟು ನಿಜ ಹೇಳಿದ್ದನ್ನು ಜನ ಅದುವರೆಗೆ ಕಂಡಿರಲಿಲ್ಲ. ಗೆಲ್ಲಿಸಿಬಿಟ್ಟರು.

ನಾನು ಆ ಮನೆಗೆ ಸೊಸೆಯಾಗಿ ಬಂದು ಆಗ ಒಂದು ವರ್ಷವಾಗಿರಬಹುದು. ನನ್ನ ತವರು ಹೇಮಾವತಿ ಹೊಳೆಯ ಆಚೆ, ಹಾಸನದ ಕಡೆ. ಅಂದರೆ ಆಗಿನ ಲೆಕ್ಕದಲ್ಲಿ ಬೇರೆ ರಾಜ್ಯ, ಮೈಸೂರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಸ್ಕೂಲಿನ ಚರ್ಚಾಸ್ಪರ್ಧೆಯಲ್ಲಿ ಬಂದಿದ್ದ ಒಂದು ಹಿತ್ತಾಳೆ ಲೋಟವನ್ನು ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡಿದ್ದೆ. ಬಾಯಿ ಜೋರಿನ ಸೊಸೆ ಬಂದಳು ಅನ್ನಿಸಿಕೊಳ್ಳುವುದು ಬೇಡವೆಂದು ಅಮ್ಮನೇ ಹಾಗೆ ಇಟ್ಟು ಕಳಿಸಿದ್ದಳು.

ಮಾವನವರ ಎದುರು ಸೊಸೆ ಕೂರುವಂತಿಲ್ಲ, ನೇರವಾಗಿ ಮಾತಾಡುವಂತಿಲ್ಲ. ಮೊದಲ ವರ್ಷ ನನಗೆ ಪರಿಚಯವಿದ್ದದ್ದು ಅವರ ಪಾದ, ಕೊಡೆಯ ತುದಿ ಮತ್ತು ಕೆಮ್ಮು. ಕೆಮ್ಮು ಕೇಳಿಸಿತೆಂದರೆ ನಾನು ಒಳಗೆ. ಊಟಕ್ಕೆ ಕರೆಯುವುದಾದರೂ ಅತ್ತೆಯ ಮೂಲಕವೇ ಆಗಬೇಕು.

"ಅತ್ತೆ, ಮಾವನೋರಿಗೆ ಎಲೆ ಹಾಕಿದೀನಿ ಅಂತ ಹೇಳಿ" ಎಂದು ನಾನು ಬಾಗಿಲ ಹಿಂದಿನಿಂದ ಹೇಳುವುದು. ಎರಡು ಮಾರು ದೂರದಲ್ಲಿ ಎಲ್ಲ ಕೇಳಿಸಿಕೊಂಡೇ ಕೂತಿದ್ದ ಮಾವನವರಿಗೆ ಅತ್ತೆ, "ಎಲೆ ಹಾಕಿದಾಳಂತೆ" ಎನ್ನುವುದು. ಆಮೇಲೆ ಅವರು ಏಳುವುದು.

ಮೊದಲ ಅಧಿವೇಶನ ಮುಗಿಸಿ ಬಂದ ಮಾವನವರು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿ, ತೋಟ ನೋಡುತ್ತೇನೆಂದು ಹೊರಟುಬಿಟ್ಟರು. ಅವರ ಜೊತೆ ಮಡಿಕೇರಿಗೆ ಹೋಗಿ ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತಿದ್ದ ನನ್ನ ಗಂಡ ಅಡುಗೆಮನೆಗೆ ಬಂದು ನಡೆದದ್ದನ್ನು ಹೇಳಿದರು. ಯಾವುದೋ ಸೂಚನೆಯ ಮೇಲೆ ಮಾತಾಡಲು ಮಾವನವರು ಎದ್ದು ನಿಂತರಂತೆ. "ಇದೆಲ್ಲ ಬೇಡ, ಮೊದಲು ಹೆಂಗಿತ್ತೋ ಹಂಗೇ ಇರ್ಲಿ" ಎಂದರಂತೆ. ಆಗ ಸರ್ಕಾರದ ಕಡೆಯ ಒಬ್ಬ ತರುಣ ವಕೀಲರು ಎದ್ದು, "ಯಾಕೆ ಬೇಡ ಅಂತ ಮಾನ್ಯ ಸದಸ್ಯರು ದಯವಿಟ್ಟು ತಿಳಿಸ್ತಾರಾ?" ಎಂದು ಕೇಳಿದರಂತೆ. ಮಾವನವರು ಅವರನ್ನು ನೋಡಿದರು. ಸ್ಪೀಕರನ್ನು ನೋಡಿದರು. ತಮ್ಮ ಕೊಡೆಯನ್ನು ನೋಡಿದರು. ಕೂತುಬಿಟ್ಟರು.

"ಅಪ್ಪಯ್ಯನಿಗೆ ಉತ್ತರ ಗೊತ್ತಿರ್ಲಿಲ್ಲ ಅಂತಲ್ಲ" ಎಂದರು ನನ್ನ ಗಂಡ. "ಅವರ ಮಾತಿಗೆ ಅಡ್ಡ ಬಂದವರನ್ನ ಅವರು ಹುಟ್ಟಿದಾರಭ್ಯ ಕಂಡಿಲ್ಲ. ಅದಕ್ಕೇ ಗಾಬರಿ ಆಯ್ತು."

ಅದು ನಿಜ. ಮನೆಯಲ್ಲಿ ಅವರು ಹೇಳಿದ್ದೇ ಹೇಳಿದ್ದು. ಊರಿನ ನ್ಯಾಯ ಪಂಚಾಯ್ತಿಯಲ್ಲೂ ಅವರದೇ ಕೊನೆಯ ಮಾತು. ತೋಟದ ಲೆಕ್ಕ ಬರೆಯುವ ರೈಟರು ಅವರು ಬಾಯಿ ತೆರೆಯುವ ಮೊದಲೇ "ಹೌದು ಯಜಮಾನ್ರೇ" ಎನ್ನುವ ಮನುಷ್ಯ. ಎದುರು ಮಾತನ್ನು ಕೇಳಿ ಅಭ್ಯಾಸವೇ ಇರಲಿಲ್ಲ.

ಅತ್ತೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಎಲ್ಲ ಕೇಳಿಸಿಕೊಂಡರು. ಮಾರನೆಯ ದಿನ ಮಧ್ಯಾಹ್ನ ಮಾವನವರು ಊಟ ಮಾಡಿ ಎಲೆ ಅಡಿಕೆ ಹಾಕಿಕೊಂಡಾಗ ನೇರವಾಗಿ ಹೇಳಿದರು.

"ಅಭ್ಯಾಸ ಮಾಡ್ಕಳಿ. ಮುಂದಿನ ಸಲ ಹೋಗೋದ್ರೊಳಗೆ ಮನೇಲೇ ಒಂದಷ್ಟು ಬೈಸ್ಕಂಡ್ರೆ ಅಲ್ಲಿ ಗಾಬರಿ ಆಗಕ್ಕಿಲ್ಲ."

"ಯಾರು ಬೈತಾರೆ ನನ್ನ?"

"ಸೊಸೆ ಇದಾಳಲ್ಲ. ಮಾತಾಡಿ ಲೋಟ ಗೆದ್ದವಳೆ. ಟ್ರಂಕಲ್ಲಿ ಇಟ್ಟವಳೆ, ನಾನು ನೋಡಿವ್ನಿ."

ಬಾಗಿಲ ಹಿಂದೆ ನಿಂತಿದ್ದ ನನ್ನ ಕೈಯ ಚೊಂಬು ಜಾರಿ ಬಿತ್ತು. ಮಾವನವರು ಅಡಿಕೆ ಅಗಿಯುತ್ತ, ಸೊಸೆ ಮಾವನಿಗೆ ಎದುರು ಮಾತಾಡುವುದೆಂದರೇನು, ಅದಕ್ಕೆ ಕ್ರಮ ಬೇಡವೇ ಎಂದರು. ಅತ್ತೆ ಕ್ರಮ ಹೇಗಿದೆ ಎಂದು ವಿಚಾರಿಸಿದರು. ವಿಧಾನಸಭೆಯಲ್ಲಿ ಒಬ್ಬ ಸದಸ್ಯ ಇನ್ನೊಬ್ಬನೊಡನೆ ನೇರವಾಗಿ ಮಾತಾಡುವಂತಿಲ್ಲ, ಏನು ಹೇಳುವುದಿದ್ದರೂ ಸ್ಪೀಕರಿಗೆ ಹೇಳಬೇಕು, ಎದುರಿನವರು ಅದನ್ನು ಕೇಳಿಸಿಕೊಂಡು ಮತ್ತೆ ಸ್ಪೀಕರಿಗೇ ಉತ್ತರ ಕೊಡಬೇಕು ಎಂದು ಮಾವನವರು ವಿವರಿಸಿದರು.

"ಅಯ್ಯೋ, ಇನ್ನೇನು ಮತ್ತೆ!" ಎಂದರು ಅತ್ತೆ. "ನಮ್ಮನೇಲಿ ನಡೆಯೋದೂ ಅದೇ ಅಲ್ವ? ಅವಳು ನಂಗೆ ಹೇಳ್ಲಿ, ನೀವು ನಂಗೆ ಹೇಳಿ. ನಾನೇ ಇಸ್ಪೀಕರು."

ಮಾವನವರಿಗೆ ಅದರಲ್ಲಿ ತಪ್ಪು ಹುಡುಕಲು ಆಗಲಿಲ್ಲ.

ಹೀಗೆ ನಮ್ಮ ಮನೆಯ ಪಡಸಾಲೆಯಲ್ಲಿ ಸಭೆ ಶುರುವಾಯಿತು. ಮಾವನವರು ಬೆಂಚಿನ ಮೇಲೆ. ಅತ್ತೆ ಅಡುಗೆಮನೆಯ ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು, ಕೈಯಲ್ಲಿ ಮುದಿ ಹಸುವಿನ ಕೊರಳ ಗಂಟೆ ಹಿಡಿದು. ನಾನು ಬಾಗಿಲ ಹಿಂದೆ, ತಲೆಗೆ ಸೆರಗು ಹೊದ್ದು. ಮೊದಲ ದಿನ ನನ್ನ ಸ್ವರವೇ ಹೊರಡಲಿಲ್ಲ. "ಜೋರಾಗಿ ಮಾತಾಡೇ, ಇಸ್ಪೀಕರಿಗೆ ಕಿವಿ ಮಂದ" ಎಂದು ಅತ್ತೆ ಗಂಟೆ ಅಲ್ಲಾಡಿಸಿದರು. ಎರಡನೆಯ ದಿನಕ್ಕೆ ಸ್ವರ ಬಂತು. ಮೂರನೆಯ ದಿನ ತಡೆಯುವುದೇ ಕಷ್ಟವಾಯಿತು.

ಆಗ ಸಭೆಯ ಮುಂದೆ ಬರಲಿದ್ದ ವಿಷಯ ನಮ್ಮ ಊರಿನದೇ. ಶನಿವಾರಸಂತೆಯಿಂದ ನಮ್ಮ ಕಡೆಯ ಗಾಡಿ ದಾರಿಯನ್ನು ಮೋಟಾರು ರಸ್ತೆ ಮಾಡಬೇಕು, ಬಸ್ಸು ಓಡಿಸಬೇಕು ಎಂದು ಆ ವಕೀಲರೇ ಒಂದು ನಿರ್ಣಯ ತರುವವರಿದ್ದರು. ಊರಿನ ಪ್ರತಿನಿಧಿಯೇ ಅದಕ್ಕೆ ವಿರೋಧ.

"ಬಸ್ಸು ಬಂದ್ರೆ ಗುರುತಿಲ್ಲದೋರು ಬತ್ತಾರೆ" ಎಂದರು ಮಾವನವರು. "ಹಾಲು, ತುಪ್ಪ ಎಲ್ಲ ಪೇಟೆಗೆ ಹೋಯ್ತದೆ. ಹುಡುಗ್ರು ಸೋಮವಾರಪೇಟೆಗೆ ಸಿನಿಮಾಕ್ಕೆ ಹೋಯ್ತಾರೆ."

"ಅಧ್ಯಕ್ಷರೇ," ಎಂದೆ ನಾನು, "ಮಾನ್ಯ ಸದಸ್ಯರು ಮಡಿಕೇರಿಗೆ ಯಾತರಲ್ಲಿ ಹೋಗ್ತಾರೆ ಅಂತ ತಿಳಿಸ್ಬೇಕು."

"ಶನಿವಾರಸಂತೆ ಗಂಟ ಗಾಡೀಲಿ. ಅಲ್ಲಿಂದ ಬಸ್ಸಲ್ಲಿ."

"ಅಂದ್ರೆ ಸದಸ್ಯರು ಹತ್ತೋ ಬಸ್ಸು ಒಳ್ಳೇದು, ಊರೋರು ಹತ್ತೋ ಬಸ್ಸು ಕೆಟ್ಟದ್ದು. ಎರಡಕ್ಕೂ ಚಕ್ರ ಬೇರೆ ಬೇರೆಯಾ, ಅಧ್ಯಕ್ಷರೇ?"

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಮಾವನವರ ಕಿವಿ ಕೆಂಪಾಯಿತು. "ನಾನು ಹೋಗೋದು ಸರ್ಕಾರದ ಕೆಲ್ಸಕ್ಕೆ!" ಎಂದರು.

"ಹೆಂಗಸರು ತವರಿಗೆ ಹೋಗೋದು ಯಾರ ಕೆಲ್ಸ, ಅಧ್ಯಕ್ಷರೇ?"

"ನಾನು ಹೋಗಿ ನಾಲ್ಕು ವರ್ಷ ಆಯ್ತು" ಎಂದರು ಅಧ್ಯಕ್ಷರು.

"ಕ್ರಿಯಾಲೋಪ!" ಮಾವನವರು ಎದ್ದು ನಿಂತರು. ಸಭೆಯ ನಿಯಮ ಮುರಿದಾಗ ಕೂಗುವ ಆ ಮಾತನ್ನು ಅವರು ಮಡಿಕೇರಿಯಿಂದ ಹೊಸದಾಗಿ ಕಲಿತು ಬಂದಿದ್ದರು. "ಸ್ಪೀಕರು ಚರ್ಚೆಯಲ್ಲಿ ಭಾಗವಹಿಸಂಗಿಲ್ಲ!"

ಅತ್ತೆ ಗಂಟೆ ಬಾರಿಸಿದರು. ಹಿತ್ತಲಿನಲ್ಲಿ ಕರುವೊಂದು ಅಂಬಾ ಎಂದಿತು. ಆ ದಿನದ ಕಲಾಪ ಮುಗಿಯಿತು.

ನನಗೆ ಅದೆಷ್ಟು ಖುಷಿಯಾಗಿತ್ತೆಂದು ಹೇಳಲಾರೆ. ಬೆಳಿಗ್ಗೆ ರೊಟ್ಟಿ ತಟ್ಟುವಾಗ, ಬಾವಿಯಿಂದ ನೀರು ಸೇದುವಾಗ, ಮಧ್ಯಾಹ್ನ ಯಾವ ಪ್ರಶ್ನೆ ಕೇಳಲಿ ಎಂದೇ ಯೋಚನೆ. ಮಾವನವರೂ ಹಾಗೇ ಆಗಿದ್ದರು. ತೋಟದಲ್ಲಿ ಒಬ್ಬರೇ ಕೈ ಬೀಸಿಕೊಂಡು ಮಾತಾಡುತ್ತ ಹೋಗುತ್ತಿದ್ದಾರೆ, ಯಜಮಾನರಿಗೆ ಏನೋ ಆಗಿದೆ ಎಂದು ಕಾಫಿ ಹಣ್ಣು ಕೀಳುವ ಪಿಕ್ಕಿಂಗಿಗೆ ಬಂದ ಹೆಂಗಸರು ಮಾತಾಡಿಕೊಂಡರು. ದಿನದಿನಕ್ಕೆ ಅವರ ಉತ್ತರ ಹರಿತವಾಯಿತು. ನಾನು ಒಂದು ಕಡೆಯಿಂದ ಬಂದರೆ ಅವರು ಅಲ್ಲಿ ಆಗಲೇ ಬೇಲಿ ಹಾಕಿ ಕೂತಿರುತ್ತಿದ್ದರು.

ಅವರು ಮತ್ತೆ ಮಡಿಕೇರಿಗೆ ಹೋದರು. ನಾನು, ಅತ್ತೆ ಕಾದೆವು. ಹಿಂದಿರುಗಿದ ದಿನ ಅವರ ಕೊಡೆ ದೂರದಿಂದಲೇ ಗಾಳಿಯಲ್ಲಿ ತಿರುಗುತ್ತಿತ್ತು.

"ಇವಳೆ, ವಿರೋಧ ಪಕ್ಷದೋರಿಗೆ ಹೇಳು," ಎಂದರು ಅತ್ತೆಗೆ, ನನಗೆ ಕೇಳಿಸುವಷ್ಟು ಗಟ್ಟಿಯಾಗಿ. "ಅವರು ಕೇಳಿದ ಪ್ರಶ್ನೇನೇ ಆ ವಕೀಲ ಕೇಳ್ದ. ಚಕ್ರದ್ದೂ ಕೇಳ್ದ. ಒಂದೊಂದಕ್ಕೂ ಕೊಟ್ಟೆ ನೋಡು! ಸಭೆ ಮೇಜು ಕುಟ್ತು."

"ಅಂದ್ರೆ?"

"ಅಂದ್ರೆ ಏನು? ನಿರ್ಣಯ ಬಿದ್ದೋಯ್ತು. ಬಸ್ಸಿಲ್ಲ."

ಅಷ್ಟು ದಿನವೂ ನನಗೆ ಹೊಳೆದಿರಲಿಲ್ಲ. ನನಗೆ ಬೇಕಾಗಿದ್ದ ಬಸ್ಸನ್ನು ತಡೆಯುವುದು ಹೇಗೆಂದು ಮಾವನವರಿಗೆ ದಿನಾ ಪಾಠ ಹೇಳಿಕೊಟ್ಟವಳು ನಾನೇ! ಅತ್ತೆಗೂ ಅದೇ ಕ್ಷಣ ಅರ್ಥವಾಯಿತೆಂದು ಕಾಣುತ್ತದೆ. ಆ ರಾತ್ರಿ ಗೆದ್ದು ಬಂದ ಶಾಸಕರಿಗೆ ಸಾರಿನಲ್ಲಿ ಉಪ್ಪಿರಲಿಲ್ಲ.

ಆ ವಕೀಲರು ಅಷ್ಟಕ್ಕೇ ಬಿಡುವವರಲ್ಲ. ಮುಂದಿನ ಅಧಿವೇಶನಕ್ಕೆ ಅದೇ ರಸ್ತೆಯನ್ನು ಬೇರೆ ಮಾತುಗಳಲ್ಲಿ ತರುತ್ತಾರೆಂದು ಸುದ್ದಿ ಬಂತು. ಮಾವನವರು ಉತ್ಸಾಹದಿಂದ ನಮ್ಮ ಸಭೆ ಕರೆದರು. ನಾನು ಎದ್ದು ನಿಂತೆ.

"ಅಧ್ಯಕ್ಷರೇ, ಬಸ್ಸು ಬಂದ್ರೆ ನೋಡೋಕೆ ಚೆನ್ನಾಗಿರ್ತದೆ" ಎಂದೆ.

"ಇಷ್ಟೇಯಾ?" ಎಂದರು ಮಾವನವರು.

"ಹಾರನ್ನೂ ಚೆನ್ನಾಗಿರ್ತದೆ, ಅಧ್ಯಕ್ಷರೇ."

ಮಾವನವರು ನನ್ನನ್ನು ಹತ್ತಿಯ ಹಾಗೆ ಹಿಂಜಿ ಎಸೆದರು. ಮರುದಿನವೂ ಅಷ್ಟೆ, ಅದರ ಮರುದಿನವೂ ಅಷ್ಟೆ. "ವಿರೋಧ ಪಕ್ಷದೋರ ಕತೆ ಮುಗೀತು" ಎಂದು ಗಂಡನ ಹತ್ತಿರ ಹೇಳಿಕೊಂಡು ನಕ್ಕರಂತೆ. ಅತ್ತೆ ಮಾತ್ರ ಗಂಭೀರವಾಗಿ ಗಂಟೆ ಬಾರಿಸುತ್ತ ಕೂತಿದ್ದರು. ಒಳ್ಳೆಯ ಪ್ರಶ್ನೆ ಒಂದಿತ್ತು. ಅದನ್ನು ಪಡಸಾಲೆಯಲ್ಲಿ ಎತ್ತಬಾರದೆಂದು ನಾವಿಬ್ಬರೂ ಒಲೆಯ ಮುಂದೆ ಕೂತು ತೀರ್ಮಾನಿಸಿದ್ದೆವು.

ಆ ಪ್ರಶ್ನೆ ನನ್ನ ಮದುವೆಗೆ ಸಂಬಂಧಪಟ್ಟದ್ದು. ಮದುವೆ ಮುಗಿಸಿ ನನ್ನನ್ನು ಗಂಡನ ಮನೆ ತುಂಬಿಸಲು ನಮ್ಮ ಕಡೆಯವರು ಹಾಸನದಿಂದ ಒಂದು ಬಸ್ಸು ಮಾಡಿಕೊಂಡು ಬಂದಿದ್ದರು. ಹಿಂದಿನ ದಿನ ಮಳೆ ಬಿದ್ದಿತ್ತು. ಶನಿವಾರಸಂತೆ ದಾಟಿ ಗಾಡಿ ದಾರಿಗೆ ಇಳಿದದ್ದೇ ಬಸ್ಸು ಕೆಸರಲ್ಲಿ ಹೂತುಹೋಯಿತು. ಎದುರುಗೊಳ್ಳಲು ಬಂದಿದ್ದ ಮಾವನವರು ಜರಿ ಪಂಚೆಯಲ್ಲೇ ಹೆಗಲು ಕೊಟ್ಟು ನೂಕಿದರು. ಚಕ್ರ ತಿರುಗಿ ಮುಖದ ತುಂಬ ಕೆಸರು. ಆಗ ಎರಡೂ ಕಡೆಯ ನೆಂಟರ ಮುಂದೆ ಕೊಡೆ ಎತ್ತಿ ಕೂಗಿದ್ದರು: "ಈ ರಸ್ತೆಗೆ ಹೇಳೋರು ಕೇಳೋರು ಯಾರೂ ಇಲ್ವ? ಸರ್ಕಾರ ಅನ್ನೋದು ಸತ್ತೋಗಿದೆಯಾ?" ಕಿಟಕಿಯ ಪಕ್ಕ ಬಾಸಿಂಗ ಕಟ್ಟಿಕೊಂಡು ಕೂತಿದ್ದ ನಾನು ಮಾವನವರಿಂದ ಕೇಳಿದ ಮೊದಲ ಮಾತು ಅದು.

ಸೋಮವಾರಪೇಟೆಯಲ್ಲಿ ನೆಂಟರ ಮದುವೆಯೊಂದಿತ್ತು. ವಕೀಲರ ಹೆಂಡತಿಯೂ ಬಂದಿದ್ದರು. ಅತ್ತೆ ಅವರ ಪಕ್ಕದಲ್ಲೇ ಊಟಕ್ಕೆ ಕೂತರು. ಹೋಳಿಗೆಗೆ ತುಪ್ಪ ಬಡಿಸುವ ಹೊತ್ತಿಗೆ ಕೆಸರಿನ ಕತೆಯನ್ನು ರುಮಾಲಿನ ಬಣ್ಣ ಸಮೇತ ಹೇಳಿ ಮುಗಿಸಿದರು. ಕೈ ತೊಳೆಯುವಾಗ, "ಇದನ್ನ ನಿಮ್ಮ ಯಜಮಾನ್ರಿಗೆ ಮಾತ್ರ ಹೇಳ್ಬೇಡಿ ಕಣಮ್ಮ" ಎಂದು ಎರಡೆರಡು ಸಲ ಹೇಳಿದರು.

ಮುಂದೆ ನಡೆದದ್ದನ್ನು ಗ್ಯಾಲರಿಯಲ್ಲಿ ಕೂತು ಕಂಡವರು ನನ್ನ ಗಂಡ. ಮಾವನವರು ಎದೆ ಸೆಟೆಸಿ ಎದ್ದರಂತೆ. ಬಸ್ಸಿನ ಹಾರನ್ನಿನ ಮೇಲೆ ಒಂದು ಹಾಸ್ಯ ಮಾಡಿದರಂತೆ, ಯಾರೂ ಹಾರನ್ನಿನ ಮಾತೇ ಎತ್ತಿರಲಿಲ್ಲವಾದ್ದರಿಂದ ಯಾರಿಗೂ ನಗು ಬರಲಿಲ್ಲ. ಆಗ ವಕೀಲರು ಬಹಳ ವಿನಯದಿಂದ, "ಅಧ್ಯಕ್ಷರೇ, ತಮ್ಮ ಮಗನ ಮದುವೆ ದಿಬ್ಬಣದ ಬಸ್ಸು ಹೂತುಕೊಂಡಾಗ ಇದೇ ರಸ್ತೆಯ ಮೇಲೆ ನಿಂತು, ಸರ್ಕಾರ ಸತ್ತಿದೆಯಾ ಅಂತ ಕೇಳಿದವರು ಮಾನ್ಯ ಸದಸ್ಯರೇ ಹೌದೋ ಅಲ್ಲವೋ?" ಎಂದರು.

ಸಭೆ ಗೊಳ್ಳೆಂದಿತು. ಮಾವನವರು ನಿಂತೇ ಇದ್ದರು. ಅಲ್ಲ ಎಂದುಬಿಡಬಹುದಿತ್ತು, ಕೇಳುವವರು ಯಾರು? ಆದರೆ ಸುಳ್ಳು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ.

"ಹೌದು, ಕೇಳಿದ್ದೆ" ಎಂದರು. "ಕೆಸರಲ್ಲಿ ನಿಂತಾಗ ನಾನೂ ಕೇಳಿದ್ದೆ." ಕೂತರು.

ರಸ್ತೆ ಪಾಸಾಯಿತು.

ಅವರ ಗಾಡಿ ಅಂಗಳಕ್ಕೆ ಬಂದಾಗ ನಾನು, ಅತ್ತೆ ದೇವರ ಮನೆಯಲ್ಲಿ ಇಲ್ಲದ ಕೆಲಸ ಹುಡುಕಿಕೊಂಡು ನಿಂತಿದ್ದೆವು. ಮಾವನವರು ಕಾಲು ತೊಳೆದರು. ಪೂಜೆ ಮುಗಿಸಿದರು. ಊಟ ಮಾಡಿದರು. ಎಲೆ ಅಡಿಕೆ ಹಾಕಿಕೊಂಡು ಬೆಂಚಿನ ಮೇಲೆ ಕೂತು, "ಸಭೆ ಸೇರ್ಲಿ" ಎಂದರು.

ಅತ್ತೆ ಮಣೆ ಹಾಕಿದರು. ಗಂಟೆ ಸದ್ದಾಗದ ಹಾಗೆ ಅದರ ನಾಲಿಗೆಯನ್ನು ಬೆರಳಲ್ಲಿ ಹಿಡಿದು ಕೂತರು.

"ಅಧ್ಯಕ್ಷರೇ, ವಿರೋಧ ಪಕ್ಷದೋರು ಬಾಗಿಲ ಹಿಂದೆ ಯಾಕೆ? ಈಚೆಗೆ ಬರ್ಲಿ."

ನಾನು ಈಚೆಗೆ ಬಂದೆ. ಮಾವನವರ ಮುಖವನ್ನು ಎದುರಿಗೆ ನಿಂತು ನೋಡಿದ್ದು ಅದೇ ಮೊದಲು. ಎಡ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗೆರೆ ಇತ್ತು. ಅಷ್ಟು ದಿನ ಒಂದೇ ಮನೆಯಲ್ಲಿದ್ದೂ ಅದು ನನಗೆ ಗೊತ್ತಿರಲಿಲ್ಲ.

"ಈ ಸಭೆಯೊಳಗಿನ ಮಾತು ಹೊರಗೆ ಹೋಗಿದೆ," ಎಂದರು ಮಾವನವರು. "ಒಬ್ಬ ಸದಸ್ಯನ ಮಾನ ಹೋಗಿದೆ. ಇದಕ್ಕೆ ಹಕ್ಕುಚ್ಯುತಿ ಅಂತಾರೆ. ತಪ್ಪು ಮಾಡಿದೋರ ಮೇಲೆ ಕ್ರಮ ತಗೋಬೇಕು ಅಂತ ಕೇಳ್ಕತೀನಿ."

"ಆ ಮಾತು ಈ ಸಭೇಲಿ ಯಾರೂ ಆಡೇ ಇಲ್ವಲ್ಲ," ಎಂದರು ಅತ್ತೆ, ಮೆಲ್ಲಗೆ. "ರಸ್ತೇಲಿ ಆಡಿದ್ದು. ನೀವೇ ಆಡಿದ್ದು. ಐವತ್ತು ಜನ ಕೇಳವ್ರೆ."

ಮಾವನವರು ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. ನಿಯಮಗಳನ್ನೆಲ್ಲ ಮನಸ್ಸಿನಲ್ಲೇ ಒಂದು ಸುತ್ತು ನೋಡಿ ಬಂದ ಹಾಗೆ ಕಂಡಿತು. ಅತ್ತೆಗೆ ಧೈರ್ಯ ಬಂತು. ಗಂಟೆಯನ್ನು ಜೋರಾಗಿ ಬಾರಿಸಿ, "ಅರ್ಜಿ ವಜಾ" ಎಂದರು.

ಮೊದಲು ಅಲುಗಿದ್ದು ಮಾವನವರ ಹೊಟ್ಟೆ. ಆಮೇಲೆ ಭುಜ. ಕೊನೆಗೆ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಉಗಿಯಲು ಅಂಗಳಕ್ಕೆ ಓಡಬೇಕಾಯಿತು. ಅಲ್ಲಿ ನಿಂತು ಅವರು ನಕ್ಕ ನಗುವಿಗೆ ಕಣದಲ್ಲಿ ಕಾಫಿ ಹರವುತ್ತಿದ್ದ ರೈಟರು ಏನಾಯಿತೋ ಎಂದು ಓಡಿ ಬಂದು, ಏನೂ ತಿಳಿಯದೆ, "ಹೌದು ಯಜಮಾನ್ರೇ" ಎಂದ.

ಬಾಗಿಲ ಹಿಂದಿನ ನನ್ನ ವಾಸ ಅಂದಿಗೆ ಮುಗಿಯಿತು. ಅವತ್ತಿನಿಂದ ಕಂಬದ ಪಕ್ಕ ನನಗೂ ಒಂದು ಮಣೆ.

ಕೊಡಗನ್ನು ಮೈಸೂರಿಗೆ ಸೇರಿಸುವ ಮಾತು ಬಂದಾಗ ಮಾವನವರು ಬಲವಾಗಿ ವಿರೋಧಿಸಿದರು. ಸಂತೆಯಲ್ಲಿ ಜನ, "ಸೊಸೆ ಮಾತ್ರ ಮೈಸೂರಿಂದ ಬೇಕು, ಮೈಸೂರು ಬೇಡ" ಎಂದು ಆಡಿಕೊಂಡರು. ಅದನ್ನು ಮಾವನವರೇ ಮನೆಗೆ ಬಂದು ಹೇಳಿ ನಕ್ಕರು. ನಮ್ಮ ಪಡಸಾಲೆಯಲ್ಲೂ ಚರ್ಚೆ ನಡೆಯಿತು. ಈ ಸಲ ನಾನು ಮೋಸ ಮಾಡಲಿಲ್ಲ. ಹೊಳೆಯ ಆಚೆಯೂ ಇದೇ ಮಾತು, ಇದೇ ದೇವರು, ಇದೇ ನೆಂಟಸ್ತನ, ನಡುವೆ ಗಡಿ ಯಾಕೆ ಎಂದು ನನಗೆ ಬಂದಷ್ಟು ವಾದಿಸಿದೆ.

"ಎಲ್ಲ ನಿಜ," ಎಂದರು ಅವರು. "ಆದ್ರೆ ಅಧ್ಯಕ್ಷರೇ, ಚಿಕ್ಕ ಮನೇಲಿ ಹಿತ್ತಲಲ್ಲಿ ಕೂಗಿದ್ರೂ ಪಡಸಾಲೆಗೆ ಕೇಳ್ತದೆ. ದೊಡ್ಡ ಮನೇಲಿ ಯಾರು ಕೂಗಿದ್ರು ಅಂತ ಹುಡುಕೋದ್ರೊಳಗೆ ಕೂಗಿದೋನು ಸುಮ್ಮನಾಗಿರ್ತಾನೆ."

ಅತ್ತೆ ನನ್ನ ಕಡೆ ನೋಡಿದರು. ಗಂಟೆಯನ್ನು ಬಾರಿಸದೆ ಕೆಳಗಿಟ್ಟರು.

ಮಡಿಕೇರಿಯಲ್ಲಿ ಅವರು ಅದನ್ನೇ ಹೇಳಿದರಂತೆ. ತೀರ್ಮಾನವಾಗುವುದು ದಿಲ್ಲಿಯಲ್ಲೆಂದು ಅವರಿಗೂ ಗೊತ್ತಿತ್ತು. ಕೊಡಗು ಮೈಸೂರಿಗೆ ಸೇರಿತು, ಮಡಿಕೇರಿಯ ಸಭೆ ಇಲ್ಲವಾಯಿತು, ಮಾವನವರ ಶಾಸಕಗಿರಿಯೂ ಅದರ ಜೊತೆಗೇ ಮುಗಿಯಿತು. ಕೊನೆಯ ಸಲ ಅಲ್ಲಿಂದ ಹೊರಟಾಗ ಆ ವಕೀಲರು ಕೋಟೆಯ ಬಾಗಿಲವರೆಗೂ ಜೊತೆಯಲ್ಲಿ ಬಂದರೆಂದೂ, ಇಬ್ಬರೂ ಒಂದೇ ಕೊಡೆಯಲ್ಲಿ ಬಂದರೆಂದೂ ನನ್ನ ಗಂಡ ಹೇಳಿದರು. ಏನು ಮಾತಾಡಿಕೊಂಡರೋ ಗೊತ್ತಿಲ್ಲ.

ಬೆಂಗಳೂರಿನ ಸಭೆಗೆ ನಿಲ್ಲಿ ಎಂದು ಊರವರು ಬಂದು ಕೂತರು. ಮಾವನವರು ಒಪ್ಪಲಿಲ್ಲ. "ಅಲ್ಲಿ ಇನ್ನೂರಕ್ಕೂ ಮೇಲೆ ಜನ ಅವ್ರಂತೆ. ನನ್ನ ಮಾತಿಗೆ ಅಡ್ಡ ಬರೋಕೂ ಯಾರಿಗೂ ಪುರುಸೊತ್ತಿರಲ್ಲ. ಅಂಥ ಕಡೆ ಹೋಗಿ ಏನು ಮಾಡ್ಲಿ?" ಎಂದು ಎಲ್ಲರಿಗೂ ಕಾಫಿ ಕೊಡಿಸಿ ಕಳಿಸಿದರು.

ರಸ್ತೆಗೆ ಜಲ್ಲಿ ಬಿದ್ದು ಬಸ್ಸು ಬರುವ ಹೊತ್ತಿಗೆ ರಾಜ್ಯವೇ ಬದಲಾಗಿತ್ತು. ಮೊದಲ ದಿನವೇ ಅತ್ತೆ ಹೊಸ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತು ತವರಿಗೆ ಹೋದರು. ಮಾವನವರು ಬಸ್ಸು ಹತ್ತಲಿಲ್ಲ. ಆದರೆ ಅದು ಹೊತ್ತಿಗೆ ಸರಿಯಾಗಿ ಬರದಿದ್ದರೆ ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. ತಡವಾಗಿ ಬಂದ ದಿನ ಡ್ರೈವರನ್ನು ನಿಲ್ಲಿಸಿ ಬೈಯುತ್ತಿದ್ದರು.

ಆಮೇಲೆ ಕೆಲವು ವರ್ಷಕ್ಕೆ ಊರಿಗೆ ಕರೆಂಟು ಬರುವ ಸುದ್ದಿ ಹಬ್ಬಿತು. ಗದ್ದೆಯ ಬದಿಯಲ್ಲಿ ಲೈಟು ಕಂಬಗಳನ್ನು ತಂದು ಹಾಕಿದ್ದರು. ಅವತ್ತು ಅತ್ತೆ ಮನೆಯಲ್ಲಿರಲಿಲ್ಲ. ನಾನು ಒಬ್ಬಳೇ ಅಡುಗೆಮನೆಯಲ್ಲಿ ಹಲಸಿನಕಾಯಿ ಹೆಚ್ಚುತ್ತಿದ್ದೆ. ಕೆಮ್ಮು ಕೇಳಿಸಿತು. ನೋಡಿದರೆ ಮಾವನವರು ಹೊಸ್ತಿಲಲ್ಲಿ ನಿಂತಿದ್ದಾರೆ, ಅಡುಗೆಮನೆಯ ಕಡೆಗೆ ಯಾವತ್ತೂ ಬಾರದವರು.

"ಈ ಕರೆಂಟಿನ ವಿಚಾರ ನೀನು ಏನಂತೀಯವ್ವ?" ಎಂದರು. "ಮೊದ್ಲು ನೀನು ಹೇಳ್ಬಿಡು. ಆಮೇಲೆ ಕೂತ್ಕಂಡು ನಾನು ನಿಧಾನವಾಗಿ ವಿರೋಧ ಮಾಡ್ತೀನಿ."

ನಾನು ಕೈಗೆ ಹತ್ತಿದ್ದ ಹಲಸಿನ ಅಂಟನ್ನು ಎಣ್ಣೆ ಹಚ್ಚಿ ಒರೆಸಿಕೊಂಡು, ಅವರಿಗೊಂದು ಮಣೆ ಹಾಕಿದೆ.